ಅಯ್ನೋರು, ಐಕಳು ಮತ್ತು ತೆರೆದ ಕಾಗದ

(ತಾಳವಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಅಯ್ನೋರೇ, ಅವರ ಬೆನ್ನ ಹಿಂದೆ ಚಾಪೆಯ ಮೇಲೆ ಕೂತು ಆಗಲೇ ಪಿಸುಗುಟ್ಟುತ್ತಿರುವ ಐಕಳೇ,

ದತ್ತಿ ಉಪನ್ಯಾಸ ಅಂದರೆ ಸಾಕು, ಮಾತಾಡುವವರೂ ಕೇಳುವವರೂ ಮುಖ ಗಂಟು ಹಾಕಿಕೊಳ್ಳುತ್ತಾರೆ. ಇವತ್ತು ಅದಕ್ಕೆ ಅವಕಾಶವಿಲ್ಲ. ದತ್ತಿ ಇಟ್ಟ ಮನೆಯವರು ನನಗೆ ಹೇಳಿ ಕಳಿಸಿದ್ದು ಇಷ್ಟೇ: ‘ನಮ್ಮ ತಾತ ಟಪಾಲು ಹಂಚುತ್ತಿದ್ದವರು. ನಗೋದು ಅಂದರೆ ಪ್ರಾಣ. ಎರಡಕ್ಕೂ ಸೇರೋ ಹಂಗೆ ಏನಾದರೂ ಮಾತಾಡಿ ಸಾರ್.’ ಟಪಾಲಿಗೂ ನಗುವಿಗೂ ಒಟ್ಟಿಗೆ ಸೇರುವ ವಸ್ತು ನನ್ನ ಹತ್ತಿರ ಒಂದಿತ್ತು. ಅದನ್ನೇ ಜೇಬಿನಲ್ಲಿ ಇಟ್ಟುಕೊಂಡು ಚಾಮರಾಜನಗರದ ಕಡೆಯಿಂದ ಬಂದೆ. ದಿಂಬಂ ಘಾಟಿಯ 27 ತಿರುವು ಹತ್ತಿಕೊಂಡು ಬಂದಿದ್ದರೆ ನಗುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಇದೇ ಆ ವಸ್ತು. ಹಿಂದಿನ ಸಾಲಿನವರಿಗೆ ಕಾಣದು, ಹೇಳುತ್ತೇನೆ ಕೇಳಿ. ಅಂಗೈಯಗಲದ ರಟ್ಟು, ಸುಮಾರು ನೂರು ವರ್ಷ ಹಳೆಯ ಇಂಗ್ಲಿಷ್ ನಗೆ ಕಾರ್ಡು. ಚಿತ್ರದಲ್ಲಿ ಕಡ್ಡಿಯಂಥ ಒಬ್ಬ ಮರಿ ಪಾದ್ರಿ. ಹಿರಿಯ ಪಾದ್ರಿಯ ಕೈಕೆಳಗೆ ದುಡಿಯುವ ಇಂಥವರನ್ನು ಅವರು ಕ್ಯೂರೇಟ್ ಅನ್ನುತ್ತಾರೆ. ಮೊಣಕಾಲು ಜೋಡಿಸಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಟೀ ಬಟ್ಟಲು ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿದ್ದಾನೆ. ಎದುರಿಗೆ ನಾಲ್ಕು ವರ್ಷದ ಗುಂಡು ಕೆನ್ನೆಯ ಹುಡುಗಿ. ಅವಳು ಹೇಳುತ್ತಿರುವ ಮಾತಿನ ತಾತ್ಪರ್ಯ: ನೀವು ಬರುವುದು ಕಿಟಕಿಯಲ್ಲಿ ಕಂಡ ಕೂಡಲೆ ಅಮ್ಮ ದೊಡ್ಡ ಕೇಕನ್ನು ಬೀರುವಿನಲ್ಲಿ ಇಟ್ಟುಬಿಟ್ಟಳು. ಅಮ್ಮ ಬಾಗಿಲಲ್ಲೇ ನಿಂತಿದ್ದಾಳೆ. ಅವಳ ಮುಖವನ್ನು ನಾನು ವರ್ಣಿಸಬೇಕಾಗಿಲ್ಲ.

ನೀವು ನಕ್ಕಿರಿ. ಪಾದ್ರಿಯೂ ಕೇಕೂ ನಮ್ಮ ಜಗಲಿಯವಲ್ಲ, ಆದರೂ ನಕ್ಕಿರಿ. ಏಕೆಂದರೆ ಈ ಚಿತ್ರ ತಾಳವಾಡಿ ಫಿರ್ಕಾದ ಎಲ್ಲ ಮನೆಯಲ್ಲೂ ನಡೆದಿದೆ. ಅಯ್ನೋರು ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಅವ್ವ ಒಳಗಿಂದ, ‘ಅವ್ವ ಮನೇಲಿಲ್ಲ ಅನ್ನು ಮಗ’ ಅನ್ನುತ್ತಾಳೆ. ಐಕಳು ಬಾಗಿಲಿಗೆ ಬಂದು, ‘ಬುದ್ದೀ, ಮನೇಲಿಲ್ಲ ಅನ್ನು ಅಂತ ಅವ್ವ ಹೇಳವ್ಳೆ’ ಅನ್ನುತ್ತವೆ. ಅಯ್ನೋರು ನಗುತ್ತಾರೆ, ಅವ್ವ ಸೆರಗು ಸರಿಮಾಡಿಕೊಂಡು ಈಚೆ ಬರುತ್ತಾಳೆ, ಕೊಡಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಜೋಳಿಗೆಗೆ ಬೀಳುತ್ತದೆ.

ಈ ಕಾರ್ಡುಗಳ ಕತೆ ಶುರುವಾಗುವುದು ಆಸ್ಟ್ರಿಯದಲ್ಲಿ. 1869ರ ಅಕ್ಟೋಬರ್ 1ರಂದು ಅಲ್ಲಿನ ಸರ್ಕಾರ ಲಕೋಟೆ ಇಲ್ಲದ, ಅಂಚೆಚೀಟಿ ಅಚ್ಚು ಹಾಕಿದ ಬರಿಯ ರಟ್ಟನ್ನು ಮಾರಾಟಕ್ಕಿಟ್ಟಿತು. ಮುಂದಿನ ವರ್ಷ ಅದೇ ದಿನ ಬ್ರಿಟನ್ನು ಹಿಂಬಾಲಿಸಿತು. ಆಗ ದೊಡ್ಡ ಮನೆಗಳವರು ತೆಗೆದ ತಕರಾರು ಒಂದೇ: ಇದನ್ನು ಆಳುಕಾಳು ಎಲ್ಲ ಓದುತ್ತಾರಲ್ಲ! ಅವರ ಭಯ ನಿಜವೇ. ಕಾರ್ಡಿಗೆ ಬಾಗಿಲಿಲ್ಲ. ಬರೆದವನ ಕೈಯಿಂದ ಬರೆಸಿಕೊಂಡವನ ಕೈಗೆ ಹೋಗುವ ತನಕ ನಡುವೆ ಎಷ್ಟು ಕಣ್ಣೋ ಅಷ್ಟೂ ಅದರ ಮೇಲೆ ಆಡಬಹುದು. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ತಕರಾರಿನ ಸುತ್ತಲೇ ಇದೆ.

ಖಾಸಗಿಯವರು ಚಿತ್ರ ಅಚ್ಚು ಮಾಡಿ ಮಾರಲು ಬ್ರಿಟನ್ನಿನಲ್ಲಿ ಒಪ್ಪಿಗೆ ಸಿಕ್ಕಿದ್ದು 1894ರಲ್ಲಿ. ಬೆನ್ನಿನ ಮೇಲೆ ಗೆರೆ ಎಳೆದು ಒಂದು ಅರ್ಧ ವಿಳಾಸಕ್ಕೆ, ಇನ್ನೊಂದು ಅರ್ಧ ಒಕ್ಕಣೆಗೆ ಎಂದು ಬಿಟ್ಟುಕೊಟ್ಟದ್ದು 1902ರಲ್ಲಿ. ಆಮೇಲೆ ಮುಂದಿನ ಮುಖವೆಲ್ಲ ಚಿತ್ರಕಾರನದೇ ಆಯಿತು. ಸಮುದ್ರ ತೀರಕ್ಕೆ ರಜೆಗೆ ಹೋದವರು ಕೈತುಂಬ ಕೊಂಡು ಊರಿಗೆ ಕಳಿಸುವ ಚಾಳಿ ಬೆಳೆಯಿತು. ಹೋಮ್‌ಫರ್ತ್‌ನ ಬ್ಯಾಮ್‌ಫೋರ್ತ್, ಡಂಡೀಯ ವ್ಯಾಲೆಂಟೈನ್ ಮುಂತಾದ ಕಂಪನಿಗಳು ಬೆಳೆದವು.

ಈ ಕಲೆಯ ದೊಡ್ಡ ಹೆಸರು ಡೊನಾಲ್ಡ್ ಮೆಕ್‌ಗಿಲ್ (1875–1962). ಹುಡುಗನಾಗಿದ್ದಾಗ ಆಟದಲ್ಲಿ ಪೆಟ್ಟಾಗಿ ಒಂದು ಪಾದ ಕಳೆದುಕೊಂಡವನು, ಹಡಗಿನ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. ಕಾಯಿಲೆ ಮಲಗಿದ್ದ ಒಬ್ಬ ಹುಡುಗನಿಗೆ, ನೆಂಟರ ಮಗುವಿಗೆ, ಬೇಗ ಗುಣವಾಗಲಿ ಎಂದು ಒಂದು ತಮಾಷೆಯ ಚಿತ್ರ ಬರೆದು ಕಳಿಸಿದ. ಅದನ್ನು ನೋಡಿದ ನೆಂಟರೊಬ್ಬರು ಹುರಿದುಂಬಿಸಿದ್ದರಿಂದ 1904ರಲ್ಲಿ ಕಾರ್ಡಿನ ಕಸುಬಿಗೆ ಇಳಿದ. ಮುಂದೆ ಅವನ ಕಾರ್ಡುಗಳಲ್ಲಿ ಗುಂಡು ಹೆಂಗಸರೂ ದ್ವಂದ್ವಾರ್ಥದ ಮಾತೂ ಹೆಚ್ಚಾದವು. 1954ರಲ್ಲಿ ಲಿಂಕನ್ ಊರಿನ ಕೋರ್ಟು ಅವನಿಗೆ ಅಶ್ಲೀಲತೆಯ ಮೇಲೆ ದಂಡ ಹಾಕಿತು. ಜಾರ್ಜ್ ಆರ್ವೆಲ್ ಅವನ ಬಗ್ಗೆ 1941ರಲ್ಲೇ ಒಂದು ಗಂಭೀರ ಪ್ರಬಂಧ ಬರೆದಿದ್ದ. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರುಗಳು ಆ ಪ್ರಬಂಧವನ್ನು ಓದುತ್ತಾರೆ, ಕಾರ್ಡು ನೋಡುವುದಿಲ್ಲ. ಅದು ಅವರ ನಷ್ಟ.

ನನಗೆ ಬೇಕಾದದ್ದು ದ್ವಂದ್ವಾರ್ಥದ ಕಾರ್ಡಲ್ಲ. ಪಾದ್ರಿ ಮತ್ತು ಮಕ್ಕಳ ಕಾರ್ಡು. ಮಕ್ಕಳ ಕಡೆಗೆ ಬಂದರೆ ಮೇಬಲ್ ಲೂಸಿ ಆಟ್‌ವೆಲ್ ಎಂಬ ಹೆಣ್ಣುಮಗಳ ಹೆಸರು ಹೇಳಲೇಬೇಕು. ಉಬ್ಬಿದ ಕೆನ್ನೆ, ಕುಳ್ಳು ಕಾಲು, ಜಾರುವ ಚಡ್ಡಿಯ ಅವಳ ಮಕ್ಕಳು ಬ್ರಿಟನ್ನಿನ ಎಲ್ಲ ಮನೆಗೂ ನುಗ್ಗಿದವು. ಅವಳು ಹುಟ್ಟಿದ್ದು 1879ರ ಜೂನ್ 4. ಮುಂದಿನ ತಿಂಗಳು, ಜುಲೈ 1ರಂದು, ಇಂಡಿಯಾದಲ್ಲಿ ಕಾಲಾಣೆಯ ಸರ್ಕಾರಿ ಕಾರ್ಡು ಹೊರಬಂತು. ಅದೇ ಸೆಪ್ಟೆಂಬರ್ 17ಕ್ಕೆ ನಮ್ಮ ಈರೋಡಿನಲ್ಲಿ ಇನ್ನೊಂದು ಮಗು ಹುಟ್ಟಿತು: ಇ.ವೆ. ರಾಮಸಾಮಿ, ಅಂದರೆ ಪೆರಿಯಾರ್. ಪೂಜಾರಿ ಪುರೋಹಿತರನ್ನು ನೋಡಿ ನಗುವ ವಿಷಯ ಈರೋಡು ಜಿಲ್ಲೆಯಲ್ಲಿ ನಿಂತು ಮಾತಾಡುವವನು ಆ ಹೆಸರನ್ನು ಬಿಟ್ಟು ಹೋಗುವ ಹಾಗಿಲ್ಲ. 1979ರಲ್ಲಿ ಕೊಯಮತ್ತೂರಿನಿಂದ ಒಡೆದು ಈ ಜಿಲ್ಲೆ ಮಾಡಿದಾಗ ಅದಕ್ಕೆ ಇಟ್ಟದ್ದೂ ಅವರ ಹೆಸರನ್ನೇ. ಅವರದು ಮೆಲುನಗೆಯಲ್ಲ, ಕೊಡಲಿ. ಕೊಡಲಿಗೂ ಅದರ ಕೆಲಸವಿದೆ, ಆದರೆ ಈ ಹೊತ್ತಿನ ನನ್ನ ಮಾತು ಚಿಕ್ಕ ಕುಡುಗೋಲಿನದು.

ಇಂಗ್ಲಿಷಿನವರ ಮೆಲುನಗೆಗೆ ಒಂದೇ ಉದಾಹರಣೆ ಕೊಟ್ಟು ಈಚೆ ಬರುತ್ತೇನೆ. ಇದು ಕಾರ್ಡಲ್ಲ, 1895ರ ನವೆಂಬರ್ 9ರ ‘ಪಂಚ್’ ಪತ್ರಿಕೆಯಲ್ಲಿ ಜಾರ್ಜ್ ಡು ಮೊರಿಯೇ ಬರೆದ ವ್ಯಂಗ್ಯಚಿತ್ರ. ಬಿಷಪ್ಪರ ಮನೆಯಲ್ಲಿ ತಿಂಡಿಗೆ ಕೂತ ಮರಿ ಪಾದ್ರಿಯ ತಟ್ಟೆಗೆ ಕೆಟ್ಟ ಮೊಟ್ಟೆ ಬಿದ್ದಿದೆ. ಬಿಷಪ್ಪರು ಅದನ್ನು ಗಮನಿಸಿ ಹೇಳುತ್ತಾರೆ. ಇವನೋ, ಛೆ ಛೆ, ಅಲ್ಲಲ್ಲಿ ಬಹಳ ಚೆನ್ನಾಗಿದೆ ಸ್ವಾಮಿ, ಎಂಬ ಅರ್ಥದ ಮಾತಾಡುತ್ತಾನೆ. ಅಷ್ಟೇ. ದೇವರನ್ನು ಯಾರೂ ಬೈಯಲಿಲ್ಲ, ಧರ್ಮ ಕೆಡಲಿಲ್ಲ. ದೊಡ್ಡವರ ಮುಂದೆ ಬಾಯಿ ಬಿಡಲಾರದ ಒಬ್ಬ ಬಡಪಾಯಿ ಚರ್ಚಿನ ನೌಕರ ಸಿಕ್ಕಿಬಿದ್ದ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ದಿನಾ ಇಂಥ ಮೊಟ್ಟೆ ತಿನ್ನುವವರಿದ್ದಾರೆ.

ಈಗ ಮದರಾಸಿಗೆ ಬನ್ನಿ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲೂ ಬೆಂಗಳೂರಿನಲ್ಲೂ ಚಿತ್ರದ ಕಾರ್ಡು ಬಿಸಿದೋಸೆಯಂತೆ ಖರ್ಚಾಗುತ್ತಿತ್ತು. 1844ರಲ್ಲಿ ಮದರಾಸಿನಲ್ಲಿ ಶುರುವಾದ ಹಿಗಿನ್‌ಬೋಥಮ್ಸ್ ಪುಸ್ತಕದಂಗಡಿ, ವೀಲೇ ಮತ್ತು ಕ್ಲೈನ್ ಎಂಬ ಫೋಟೋ ಅಂಗಡಿ, ಇವರೆಲ್ಲ ಕಾರ್ಡು ಹೊರಡಿಸುತ್ತಿದ್ದರು. 2018ರಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದಲ್ಲಿ ಮದರಾಸು ಮತ್ತು ಬೆಂಗಳೂರಿನ ಇಂಥ ಕಾರ್ಡುಗಳದ್ದೇ ಒಂದು ಪ್ರದರ್ಶನ ನಡೆಯಿತು. ಗುಡಿ, ಬೀದಿ, ಕೆರೆ ಎಲ್ಲ ಇದ್ದವು. ಜೊತೆಗೆ ದೊರೆ-ಆಳುಗಳ ತಮಾಷೆಯೂ ಇತ್ತು. ಬಟ್ಲರು, ಆಯಾ, ಅಡುಗೆಯವನು, ಇವರೇ ನಗೆಗೆ ಗುರಿ. ಬೇರೆ ಕಾರ್ಡುಗಳಲ್ಲಿ ಪೂಜಾರಿ, ಸನ್ಯಾಸಿ, ಫಕೀರ, ಹಾವಾಡಿಗ ಎಲ್ಲರನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿ ‘ಇವರು ಇಂಥ ಜಾತಿ’ ಎಂದು ಅಡಿಯಲ್ಲಿ ಅಚ್ಚು ಹಾಕುತ್ತಿದ್ದರು.

ಈ ಕಾರ್ಡುಗಳನ್ನು ನೋಡಿದರೆ ನನಗೆ ನಗು ಬರುವುದಿಲ್ಲ. ಚಿತ್ರ ಕೆಟ್ಟದ್ದೆಂದಲ್ಲ, ಕೆಲವು ಚೆನ್ನಾಗಿಯೇ ಇವೆ. ಕೇಕಿನ ಹುಡುಗಿಯ ಕಾರ್ಡು ಪಾದ್ರಿಯ ಕಣ್ಣಿಗೂ ಬೀಳುತ್ತಿತ್ತು. ಅದೇ ಊರಿನ ಅಂಗಡಿಯ ಕಂಬಿಯಲ್ಲಿ ಅದು ನೇತಾಡುತ್ತಿತ್ತು, ಅವನು ಓಡಾಡುವ ದಾರಿಯಲ್ಲೇ. ಬಟ್ಲರಿನ ಕಾರ್ಡು ಮಾತ್ರ ಹಡಗು ಹತ್ತಿ ಸೀಮೆಗೆ ಹೋಗುತ್ತಿತ್ತು. ನಗಿಸಿಕೊಂಡವನಿಗೆ ನಗುವಿನ ಸದ್ದು ಕೇಳುತ್ತಿರಲಿಲ್ಲ, ಅಡಿಯ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಎದುರಿಗೆ ಸಲಾಮು ಹೊಡೆಸಿಕೊಂಡು ಬೆನ್ನ ಹಿಂದೆ ನಗುವುದಕ್ಕೆ ನಿಮ್ಮ ಸೀಮೆಯಲ್ಲಿ ಒಂದು ಹೆಸರಿದೆ. ಚಾಡಿ.

ಈ ಮಾತನ್ನು ನಾನು ಗುಮಟಾಪುರದ ನೆರೆಯಲ್ಲಿ ನಿಂತು ಬಿಡಿಸಿ ಹೇಳುವುದು ಕೋಳಿಗೆ ಕೂಗಲು ಕಲಿಸಿದ ಹಾಗೆ. ಆದರೂ ಅಚ್ಚಿನಲ್ಲಿ ಓದುವ ದೂರದವರಿಗಾಗಿ ಹೇಳುತ್ತೇನೆ. ದೀಪಾವಳಿಯ ಬಲಿಪಾಡ್ಯಮಿ ಮುಗಿದ ಮಾರನೇ ದಿನ ಗುಮಟಾಪುರದ ಬೀರೇಶ್ವರನ ಗುಡಿಯ ಬಳಿ ಗೊರೆಹಬ್ಬ. ಗೊರೆ ಅಂದರೆ ಸಗಣಿ. ಊರ ಐಕಳು ಬೆಳಗಿನಿಂದ ಕೊಟ್ಟಿಗೆ ಕೊಟ್ಟಿಗೆ ತಿರುಗಿ ಸಗಣಿ ತಂದು ಗುಡ್ಡೆ ಹಾಕುತ್ತವೆ. ಒಬ್ಬನನ್ನು ಚಾಡಿಕೋರನ ವೇಷ ಹಾಕಿಸಿ, ಹುಲ್ಲಿನ ಗಡ್ಡ ಮೀಸೆ ಕಟ್ಟಿ, ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ತರುತ್ತಾರೆ. ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಾರೆ, ಅಂದು ಅದಕ್ಕೆ ರಜಾ ಇದೆ. ಆಮೇಲೆ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಸಗಣಿ ಎಸೆಯುವ ಆಟ. ಕೊನೆಗೆ ಚಾಡಿಕೋರನ ಬೊಂಬೆಗೆ ಬೆಂಕಿ. ಭಕ್ತನೊಬ್ಬ ಸತ್ತಾಗ ಅವನ ಜೋಳಿಗೆಯನ್ನು ತಿಪ್ಪೆಗೆ ಎಸೆದರು, ಅಲ್ಲೇ ಲಿಂಗ ಕಾಣಿಸಿಕೊಂಡಿತು, ಅದಕ್ಕೇ ಈ ಹಬ್ಬ ಎಂದು ಊರವರು ಕತೆ ಹೇಳುತ್ತಾರೆ.

ಟಿ.ವಿ.ಯವರು ಬಂದು ಸಗಣಿಯಾಟವನ್ನಷ್ಟೇ ಹಿಡಿದುಕೊಂಡು ಹೋಗುತ್ತಾರೆ. ಕತ್ತೆಯ ಮೇಲೆ ಕೂತವನ ಕಡೆ ಕ್ಯಾಮರಾ ತಿರುಗುವುದು ಕಡಿಮೆ. ಊರು ವರ್ಷಕ್ಕೊಮ್ಮೆ ಸುಡಲು ಆರಿಸಿಕೊಂಡ ಪಾಪ ಯಾವುದು ನೋಡಿ. ಕಳ್ಳತನವಲ್ಲ, ಕುಡಿತವಲ್ಲ, ಕೊಲೆಯಲ್ಲ. ಮರೆಯಲ್ಲಿ ನಿಂತು ಇನ್ನೊಬ್ಬನ ಮೇಲೆ ಹೇಳುವ ಮಾತು. ಅದನ್ನು ಸುಡುವ ವಿಧಾನವೂ ಗಮನಿಸಬೇಕಾದದ್ದು: ಎಲ್ಲರ ಎದುರಿಗೆ, ಎಲ್ಲರಿಗೂ ಕೇಳುವ ಹಾಗೆ, ಬೈದವನೂ ಬೈಸಿಕೊಂಡವನೂ ಒಂದೇ ಸಗಣಿಯಲ್ಲಿ ಮಿಂದು.

ಹಾಗೆ ನೋಡಿದರೆ ಅಯ್ನೋರ ಮುಂದೆ ಅವ್ವನ ಗುಟ್ಟು ಬಿಟ್ಟುಕೊಟ್ಟ ಕೂಸೂ ಚಾಡಿಕೋರನೇ ಅಲ್ಲವೇ? ಅಲ್ಲ. ಚಾಡಿಗೆ ಲೆಕ್ಕಾಚಾರ ಬೇಕು, ಕೂಸಿಗೆ ಅದಿಲ್ಲ. ಅದು ಅವ್ವನಿಗೂ ಅಯ್ನೋರಿಗೂ ಒಟ್ಟಿಗೇ ಕೇಳುವ ಹಾಗೆ ಹೇಳಿಬಿಡುತ್ತದೆ. ನಮ್ಮ ಕಾರ್ಡೂ ಹಾಗೆಯೇ, ಬಾಯಿ ಮುಚ್ಚಲು ಬಾರದ ಕಾಗದ. ನಗೆ ಕಾರ್ಡಿನ ಚಿತ್ರಕಾರರು ಪಾದ್ರಿಯನ್ನೂ ಕೂಸನ್ನೂ ಮತ್ತೆ ಮತ್ತೆ ಎದುರುಬದುರು ಕೂರಿಸಿದ್ದು ಸುಮ್ಮನೆ ಅಲ್ಲ ಅನಿಸುತ್ತದೆ. ಒಬ್ಬನದು ಯಾವುದನ್ನೂ ನೇರ ಹೇಳಬಾರದ ಕಸುಬು. ಇನ್ನೊಂದಕ್ಕೆ ನೇರ ಹೇಳುವುದು ಬಿಟ್ಟು ಬೇರೆ ಗೊತ್ತಿಲ್ಲ. ಇಬ್ಬರ ನಡುವೆ ಕೇಕು ಸಿಕ್ಕಿಕೊಂಡರೆ ಸಾಕು.

ಸ್ವಾಮಿಗಳನ್ನು ನೋಡಿ ನಗುವುದನ್ನು ನಮಗೆ ಇಂಗ್ಲಿಷಿನವರು ಕಲಿಸಬೇಕಾಗಿರಲಿಲ್ಲ. ಈ ಬೆಟ್ಟಗಳ ಸುತ್ತ ನೀಲಗಾರರು ತಂಬೂರಿ ಮೀಟಿಕೊಂಡು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ನಿಮ್ಮಲ್ಲಿ ಎಷ್ಟೋ ಜನ ರಾತ್ರಿಯಿಡೀ ಕೂತು ಕೇಳಿದ್ದೀರಿ. ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ವಿಭೂತಿ ಬಳಿದುಕೊಂಡು ಪಂಕ್ತಿಯಲ್ಲಿ ಕೂತಿದ್ದಾರೆ. ಮೈಯೆಲ್ಲ ಹುಣ್ಣಾಗಿ, ಗಬ್ಬು ನಾತ ಹೊತ್ತುಕೊಂಡು ಮಂಟೇದಯ್ಯ ಬಾಗಿಲಿಗೆ ಬರುತ್ತಾರೆ. ಜಂಗಮರು ಮೂಗು ಹಿಡಿದುಕೊಂಡು ದಿಕ್ಕಾಪಾಲು. ಇದನ್ನು ಹಾಡುವವರು ಗುರುವೇ ಬೇಡ ಎನ್ನುವವರಲ್ಲ, ಗುರುವಿನ ಒಕ್ಕಲು. ಕೇಳುವವರಲ್ಲೂ ಅಯ್ನೋರ ಕಾಲು ಮುಟ್ಟಿ ಕೂತವರಿದ್ದಾರೆ. ಅಯ್ನೋರೂ ಒಂದೊಂದು ಸಲ ಅಲ್ಲೇ ಇರುತ್ತಾರೆ. ಹಾಡುಗಾರ ಅವರ ಕಡೆ ಓರೆಗಣ್ಣು ಹಾಕಿ ದನಿ ಏರಿಸುತ್ತಾನೆ, ಅವರು ಎಲೆಯಡಿಕೆ ಮೆಲ್ಲುತ್ತ ತಲೆದೂಗುತ್ತಾರೆ.

ನಿಮ್ಮ ಪಕ್ಕದ ಗಾಜನೂರಿನ ಮುತ್ತುರಾಜ ರಾಜಕುಮಾರರಾದ 1954ರ ‘ಬೇಡರ ಕಣ್ಣಪ್ಪ’ದ ಕತೆಯಾದರೂ ಏನು? ಮಡಿಯುಟ್ಟ ಅರ್ಚಕನ ಮಂತ್ರಕ್ಕಿಂತ ಏನೂ ಅರಿಯದ ಬೇಡನ ಭಕ್ತಿ ದೊಡ್ಡದೆಂಬ ಹಳೆಯ ಶೈವ ಕತೆ. ಕಣ್ಣಪ್ಪನೂ ಒಂದು ಬಗೆಯ ಕೂಸೇ.

ಆದರೆ ಗುರುವನ್ನೇ ಗುರುವೊಬ್ಬ ನೋಡಿ ನಕ್ಕ ಕತೆ ನನಗೆ ಎಲ್ಲಕ್ಕಿಂತ ಇಷ್ಟ, ಅದೂ ನೀವು ಬದುಕುವ ಎರಡು ನುಡಿಗಳ ಗಡಿಯಲ್ಲಿ ಓಡಾಡಿದ ಕತೆ. ಇಟಲಿಯಿಂದ ತಮಿಳುನಾಡಿಗೆ ಬಂದ ಜೆಸ್ವಿಟ್ ಪಾದ್ರಿ ಕಾನ್‌ಸ್ಟಂಟೈನ್ ಬೆಸ್ಕಿ (1680–1747), ತಮಿಳರ ಬಾಯಲ್ಲಿ ವೀರಮಾಮುನಿವರ್. ಸನ್ಯಾಸಿಯ ವೇಷ ತೊಟ್ಟು, ತಮಿಳು ಕಲಿತು, ಕಾವ್ಯ ಬರೆದು, ನಿಘಂಟು ಮಾಡಿದ ಈ ಮನುಷ್ಯ ಪರಮಾರ್ಥ ಗುರುವಿನ ಕತೆಯನ್ನೂ ಬರೆದ. ಗುರುವಿಗೆ ಐವರು ಶಿಷ್ಯರು, ಐವರ ಹೆಸರಿಗೂ ದಡ್ಡ ಎಂದೇ ಅರ್ಥ. ಹೊಳೆ ಮಲಗಿದೆಯೋ ಎಚ್ಚರವಾಗಿದೆಯೋ ಎಂದು ಕೊಳ್ಳಿ ಅದ್ದಿ ನೋಡುವವರು ಅವರು. ಹೊಳೆ ದಾಟಿದ ಮೇಲೆ ಎಣಿಸುವವನು ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಕಮ್ಮಿಯಾದ ಎಂದು ಗೋಳಾಡುವವರು. ಕುದುರೆಯ ಮೊಟ್ಟೆ ಎಂದು ಕುಂಬಳಕಾಯಿ ಕೊಂಡು, ಅದು ಬಿದ್ದು ಒಡೆದಾಗ ಪೊದೆಯಿಂದ ಓಡಿದ ಮೊಲವನ್ನು ಮರಿ ಎಂದು ಅಟ್ಟಿಸಿಕೊಂಡು ಹೋಗುವವರು. ಇದೆಲ್ಲ ನಮ್ಮಜ್ಜಿಯೂ ಹೇಳುತ್ತಿದ್ದಳಲ್ಲ ಅನ್ನುತ್ತೀರಿ. ಹೌದು, ದಡ್ಡ ಶಿಷ್ಯರ ಕತೆಗೆ ಗಡಿಯಿಲ್ಲ. ದ್ವಾರಕೀಶ್, ವಿಷ್ಣುವರ್ಧನ್ ಇದ್ದ 1981ರ ‘ಗುರು ಶಿಷ್ಯರು’ ನೋಡಿ ನಕ್ಕವರಿಗೂ ಈ ಶಿಷ್ಯರು ಹೊಸಬರಲ್ಲ.

ಬೆಸ್ಕಿಯ ಪುಸ್ತಕವನ್ನು ಬೆಂಜಮಿನ್ ಬ್ಯಾಬಿಂಗ್ಟನ್ 1822ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಸಮೇತ ಅಚ್ಚು ಹಾಕಿಸಿದ. 1826ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಫ್ರೆಂಚ್ ರೂಪ ಬಂತು. ಅದನ್ನು ಮಾಡಿದವನು ಯಾರು? ಆಬೆ ಡುಬಾಯ್. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು, ಇಲ್ಲಿನವರ ಹಾಗೆ ಉಟ್ಟು ಉಂಡು, ಜನರಿಂದ ದೊಡ್ಡ ಸ್ವಾಮಿಯೋರು ಅನ್ನಿಸಿಕೊಂಡು, 1823ರಲ್ಲಿ ಊರಿಗೆ ಮರಳಿದ ಫ್ರೆಂಚ್ ಪಾದ್ರಿ. ನಮ್ಮ ಆಚಾರ ವಿಚಾರಗಳ ಮೇಲೆ ಅವನು ಬರೆದ ದಪ್ಪ ಪುಸ್ತಕ ಕಹಿಯಾದದ್ದು, ಎಷ್ಟೋ ಕಡೆ ನಮ್ಮವರ ಬೆನ್ನ ಹಿಂದೆ ಆಡಿದ ಮಾತು. ಅದೇ ಕೈ ಪರಮಾರ್ಥ ಗುರುವನ್ನು ಮುಟ್ಟಿದಾಗ ಮೆತ್ತಗಾಗಿದೆ. ತನ್ನ ಕಸುಬಿನವನನ್ನೇ ನೋಡಿ ನಗುವಾಗ ಯಾರಿಗಾದರೂ ಕೈ ಸ್ವಲ್ಪ ನಡುಗೀತು. ಆ ನಡುಕವೇ ಮೆಲುನಗೆ.

ಹಾಗಾದರೆ ಕನ್ನಡದಲ್ಲಿ ನಗೆ ಕಾರ್ಡು ಯಾಕೆ ಬೆಳೆಯಲಿಲ್ಲ? ನನ್ನ ಊಹೆ, ಕಾಸಿನ ಲೆಕ್ಕ. ಕಾಲಾಣೆಗೆ ಅಂಚೆಚೀಟಿ ಸಮೇತ ಕಾರ್ಡು ಸಿಗುವಾಗ, ಚಿತ್ರಕ್ಕೊಂದು ದುಡ್ಡು, ಚೀಟಿಗೊಂದು ದುಡ್ಡು ಕೊಟ್ಟು ಕಳಿಸುವವರು ಯಾರು? ನಮ್ಮವರು ಬರಿಯ ಕಾರ್ಡಿನ ಮೇಲೆಯೇ ಸಂಕೇತ ಕಟ್ಟಿಕೊಂಡರು. ಶುಭ ಸುದ್ದಿಯಾದರೆ ಮೂಲೆಗೆ ಅರಿಶಿನ. ಸಾವಿನ ಸುದ್ದಿಯಾದರೆ ಮೂಲೆ ಹರಿದಿರಬೇಕು, ಓದಿದ ಕೂಡಲೆ ಹರಿದು ಬಿಸಾಡಬೇಕು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುಮಾಡಿ, ಜಾಗ ಸಾಲದೆ ವಿಳಾಸದ ಸುತ್ತ ಅಡ್ಡಡ್ಡ ಬರೆದು ಮುಗಿಸಬೇಕು. ಓದು ಬಾರದ ಮನೆಯಾದರೆ ಟಪಾಲಿನವರೇ ಜಗಲಿಯಲ್ಲಿ ಕೂತು ಓದಿ ಹೇಳಬೇಕು. ನಡುವೆ ತಮಾಷೆಯ ಸಾಲು ಬಂದರೆ ಅದನ್ನು ಮನೆಯವರಿಗಿಂತ ಮೊದಲು ಅವರೇ ನಕ್ಕು ಮುಗಿಸಿರುತ್ತಿದ್ದರು. ಈ ದತ್ತಿಯ ಹಿಂದೆ ಇರುವ ತಾತನನ್ನು ನಾನು ಕಂಡವನಲ್ಲ. ಆದರೆ ಅವರು ನಗುತ್ತಿದ್ದರು ಎಂದು ಮನೆಯವರು ಹೇಳಿದಾಗ ಕಾರಣ ಹುಡುಕಬೇಕಾಗಲಿಲ್ಲ.

ಅಚ್ಚಾದ ನಗೆ ಚಿತ್ರ ನಮಗೆ ಬಂದದ್ದು ಕಾರ್ಡಿನಲ್ಲಲ್ಲ, ಪತ್ರಿಕೆಯಲ್ಲಿ. ವೃತ್ತಿಯಿಂದ ಡಾಕ್ಟರಾಗಿದ್ದ ರಾಶಿ, ಅಂದರೆ ಎಂ. ಶಿವರಾಂ, 1942ರಲ್ಲಿ ಶುರುಮಾಡಿದ ‘ಕೊರವಂಜಿ’ 25 ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅದಕ್ಕೆ ಚಿತ್ರ ಬರೆದರು. ಮನೆ, ಮಠ, ಮೇಷ್ಟ್ರು, ಮಂತ್ರಿ ಯಾರನ್ನೂ ಬಿಡದ ಪತ್ರಿಕೆ. ಅದರ ಬಳಗದ ನಾ. ಕಸ್ತೂರಿ ಪದಗಳ ಅರ್ಥವನ್ನು ತಿರುಚಿ ‘ಅನರ್ಥಕೋಶ’ ಕಟ್ಟಿದವರು. ಮುಂದೆ ಅವರೇ ಪುಟ್ಟಪರ್ತಿಗೆ ಹೋಗಿ ಸಾಯಿಬಾಬಾ ಅವರ ಭಕ್ತರಾಗಿ, ಅವರ ಜೀವನ ಚರಿತ್ರೆ ಬರೆದರು. ನಗುತ್ತಿದ್ದವನೂ ಕೊನೆಗೆ ಕಾಲಿಗೆ ಬಿದ್ದ ಎಂದು ಕೆಲವರು ಇದನ್ನು ಕುಹಕದಿಂದ ಹೇಳುತ್ತಾರೆ. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಜಗಲಿಯ ಮೇಲೆ ಅಯ್ನೋರನ್ನು ನೋಡಿ ನಕ್ಕ ಐಕಳೇ ದೊಡ್ಡವಾಗಿ ಅವರನ್ನು ಮನೆಗೆ ಕರೆದು ಪಾದ ತೊಳೆಯುತ್ತವೆ.

1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅಂದಿನಿಂದ ಇಲ್ಲಿನ ಕಾರ್ಡಿನ ಮೇಲೆ ಎರಡು ಲಿಪಿ. ಒಕ್ಕಣೆ ಕನ್ನಡದಲ್ಲಿ, ಊರು ಜಿಲ್ಲೆ ತಮಿಳಿನಲ್ಲಿ. ಗಡಿಯ ಬಗ್ಗೆ ಭಾಷಣ ಮಾಡುವವರು ಬೇರೆ ಇದ್ದಾರೆ, ನಾನು ಅದಕ್ಕೆ ಹೋಗುವುದಿಲ್ಲ. ಇಲ್ಲಿನ ಐಕಳಿಗೆ ಎರಡು ಭಾಷೆಯಲ್ಲಿ ಗುಟ್ಟು ಬಿಟ್ಟುಕೊಡಲು ಬರುತ್ತದೆ ಎಂಬುದಷ್ಟೇ ನನಗೆ ಕಂಡ ಲಾಭ.

ಕಾರ್ಡಿನ ಬೆಲೆ ಈಗಲೂ 50 ಪೈಸೆ. ಕೊಂಡುಕೊಳ್ಳಲು 50 ಪೈಸೆಯ ನಾಣ್ಯ ಎಲ್ಲಿ ಹುಡುಕುವುದು ಎನ್ನುವುದೇ ಕಷ್ಟ. ಎರಡು ಕಾರ್ಡಿನ ಲೆಕ್ಕದಲ್ಲಿ ಕೊಂಡರೆ ಚಿಲ್ಲರೆಯ ತಾಪತ್ರಯವಿಲ್ಲವೆಂದು ನಾನು ಬೆಳಿಗ್ಗೆ ನೂರು ಕಾರ್ಡು ತಂದೆ. ಬಾಗಿಲ ಬಳಿಯ ಮೇಜಿನ ಮೇಲಿವೆ. ಬಣ್ಣದ ಪೆನ್ಸಿಲ್ಲೂ ಇವೆ. ಐಕಳೇ, ನಿಮ್ಮ ಮನೆಗೆ ಅಯ್ನೋರು, ಪೂಜಾರಪ್ಪ, ಪಾದ್ರಿಗಳು, ಹಜರತ್ತರು, ಮೇಷ್ಟ್ರು, ಯಾರು ಬಂದಾಗ ಏನು ನಡೆಯಿತೋ ಅದರ ಚಿತ್ರ ಬರೆಯಿರಿ. ಒಂದೇ ಕಟ್ಟಳೆ: ಯಾರ ಚಿತ್ರ ಬರೆಯುತ್ತೀರೋ ಕಾರ್ಡು ಅವರಿಗೇ ಹೋಗಬೇಕು. ಅಯ್ನೋರ ವಿಳಾಸ ಗೊತ್ತಿಲ್ಲ ಅಂತ ಯಾರೋ ಹಿಂದಿನಿಂದ ಕೂಗಿದಿರಿ. ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಕೇಳಿಕೊಳ್ಳಿ. ಈಗಾಗಲೇ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಾರೆ.